ಮೊದಲ ಕೆಲಸದ ಮೆಟ್ಟಿಲು

ಪದವಿ ಮುಗಿಸಿದ ಮಗನಾಗಲಿ ಮಗಳಾಗಲಿ ಕೆಲಸ ಕೇಳಿಕೊಂಡು ಹೋದರೆ ಎದುರಾಗುವ ಪ್ರಶ್ನೆ: ‘ಅನುಭವ ಇದೆಯೇ?’ ಕೆಲಸವೇ ಸಿಗದಿದ್ದರೆ ಅನುಭವ ಬರುವುದಾದರೂ ಎಲ್ಲಿಂದ?

ಇದಕ್ಕೊಂದು ದಾರಿ 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿದೆ. ಅದು ಐಟಿಐ ಓದಿದವರಿಗೆ ಮಾತ್ರವೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಬಿ.ಎ., ಬಿ.ಕಾಂ. ಪದವೀಧರರೂ ಕೇಂದ್ರ ಶಿಕ್ಷಣ ಸಚಿವಾಲಯದ ‘ನ್ಯಾಟ್ಸ್’ ಜಾಲತಾಣದಲ್ಲಿ ಉಚಿತವಾಗಿ ಹೆಸರು ನೋಂದಾಯಿಸಬಹುದು. ಆಯ್ಕೆಯಾದವರು ಸಂಸ್ಥೆಯೊಂದರಲ್ಲಿ ಕೆಲಸ ಕಲಿಯುತ್ತಾರೆ. ತಿಂಗಳಿಗೆ ಸ್ಟೈಪೆಂಡ್ ಸಿಗುತ್ತದೆ, ಕೊನೆಯಲ್ಲಿ ಪ್ರಮಾಣಪತ್ರವೂ ಸಿಗುತ್ತದೆ. ಅಲ್ಲೇ ಕಾಯಂ ಮಾಡಿಕೊಳ್ಳಬೇಕೆಂಬ ನಿಯಮವಿಲ್ಲ; ಆದರೆ ಮುಂದಿನ ಸಂದರ್ಶನದಲ್ಲಿ ‘ಅನುಭವ ಇದೆ’ ಎನ್ನಬಹುದು.

ಕರ್ನಾಟಕ ಸರಕಾರದ ಯುವನಿಧಿ ಯೋಜನೆಗೆ ನೋಂದಣಿ 2023ರ ಡಿಸೆಂಬರ್‌ನಲ್ಲಿ ಆರಂಭವಾಯಿತು. ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ನಿಗದಿಯಾದದ್ದು ಹೆಚ್ಚೆಂದರೆ 2 ವರ್ಷಕ್ಕೆ. ಅದು ಕೆಲಸ ಹುಡುಕುವಾಗಿನ ಆಸರೆ, ಹುಡುಕಾಟ ನಿಲ್ಲಿಸಲು ನೆಪವಲ್ಲ.

ಸಹೋದರಿಯರೇ, ಕೆಲಸ ಕೊಡಿಸುತ್ತೇನೆಂದು ಮುಂಗಡ ಕೇಳುವವರಿಗೆ ಒಡವೆ ಅಡವಿಟ್ಟು ಹಣ ಕೊಡಬೇಡಿ. ‘ಇಷ್ಟು ಓದಿ ಇಷ್ಟೇ ಸಂಬಳವೇ?’ ಎಂದು ನೆಂಟರು ಮೂಗು ಮುರಿದಾಗ ಮಕ್ಕಳ ಪರ ನಿಲ್ಲಿ. ದಿನವಿಡೀ ಅಲೆದು ಸಂಜೆ ಮನೆಗೆ ಬಂದವರಲ್ಲಿ ‘ಕೆಲಸ ಸಿಕ್ಕಿತೇ?’ ಎನ್ನುವ ಮೊದಲು ‘ಊಟ ಮಾಡಿದೆಯಾ?’ ಎಂದು ಕೇಳಿ.