ಮೊದಲು ಬಾಗಿಲು ನೋಡಿ, ಆಮೇಲೆ ದುಡ್ಡು ಕೊಡಿ

ಮಕ್ಕಳ ಹುಟ್ಟುಹಬ್ಬ ಈಗ ಮನೆಯಲ್ಲಿ ಪಾಯಸ ಮಾಡಿ ಹಂಚಿದರೆ ಮುಗಿಯುವುದಿಲ್ಲ. ಮೊಬೈಲಿನಲ್ಲಿ ನೋಡಿದ ಎಸ್ಕೇಪ್ ರೂಮ್‌ಗೆ ಕರ್ಕೊಂಡು ಹೋಗಿ ಎಂದು ಹಠ. ಕರಾವಳಿಯಿಂದ ಬಂದು ಈ ಕಡೆ ನೆಲೆಸಿದ ನಮ್ಮ ಕುಟುಂಬಗಳೂ ಇದಕ್ಕೆ ಹೊರತಲ್ಲ. ನಿಪ್ಪಾಣಿಯವರಿಗೆ ಕೊಲ್ಲಾಪುರ ಹತ್ತಿರ, ಕಾಗವಾಡ, ಅಥಣಿಯವರಿಗೆ ಮೀರಜ್, ಸಾಂಗ್ಲಿ. ಚಿಕ್ಕೋಡಿ, ರಾಯಬಾಗದವರು ಬೆಳಗಾವಿಗೆ ಹೊರಡುತ್ತಾರೆ. ರಜೆಯಲ್ಲಿ ಊರಿಗೆ ಹೋದರೆ ಮಂಗಳೂರು.

ಐದಾರು ಮಕ್ಕಳನ್ನು ಕೋಣೆಯೊಳಗೆ ಬಿಟ್ಟು ಬಾಗಿಲು ಹಾಕುತ್ತಾರೆ. ಸುಳಿವು ಹುಡುಕಿ, ಒಗಟು ಬಿಡಿಸಿ, ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಹೊರಬರಬೇಕು. 2007ರಲ್ಲಿ ಜಪಾನಿನ ಕ್ಯೋಟೋದಲ್ಲಿ ತಕಾವೊ ಕಾಟೊ ಎಂಬವರು ಶುರು ಮಾಡಿದ ಆಟ ಇದು. ಮಕ್ಕಳು ಕೂಡಿ ಯೋಚಿಸಲು ಕಲಿಯುತ್ತಾರೆ, ಒಳ್ಳೆಯದೇ. ಹುಟ್ಟುಹಬ್ಬ ಆಚರಿಸಬಹುದೇ ಎಂಬ ಪ್ರಶ್ನೆಯನ್ನು ನಿಮ್ಮ ಖತೀಬರಲ್ಲಿ ಕೇಳಿ. ನನ್ನ ಮಾತು ಬಾಗಿಲಿನ ಬಗ್ಗೆ ಮಾತ್ರ.

2019ರ ಜನವರಿ 4ರಂದು ಪೋಲೆಂಡಿನ ಕೊಶಾಲಿನ್ ಪಟ್ಟಣದಲ್ಲಿ 15 ವರ್ಷದ ಐವರು ಹುಡುಗಿಯರು ಹುಟ್ಟುಹಬ್ಬಕ್ಕೆಂದೇ ಇಂಥ ಕೋಣೆಗೆ ಹೋಗಿದ್ದರು. ಬೆಂಕಿ ಹತ್ತಿದ್ದು ಹೊರಗಿನ ಕೋಣೆಯಲ್ಲಿ. ಒಳಗಿದ್ದವರಿಗೆ ಬೇರೆ ದಾರಿ ಇರಲಿಲ್ಲ. ವಿಷದ ಹೊಗೆಗೆ ಐವರೂ ತೀರಿಹೋದರು. ಅದು ದೂರದ ದೇಶ ಎನ್ನಬೇಡಿ. 2024ರ ಮೇ 25ರಂದು ಗುಜರಾತಿನ ರಾಜಕೋಟ್‌ನ ಗೇಮ್ ಝೋನ್‌ನಲ್ಲಿ ಮಕ್ಕಳೂ ಸೇರಿ 27 ಮಂದಿ ಬೆಂಕಿಗೆ ಬಲಿಯಾದರು. ಅದು ಎಸ್ಕೇಪ್ ರೂಮ್ ಅಲ್ಲ ನಿಜ, ಆದರೆ ಅಗ್ನಿಶಾಮಕ ಇಲಾಖೆಯ ಎನ್‌ಒಸಿ ಇಲ್ಲದೆಯೇ ಅಲ್ಲಿ ಟಿಕೆಟ್ ಮಾರುತ್ತಿದ್ದರು.

ಹಾಗಾಗಿ ಬುಕ್ ಮಾಡುವ ಮೊದಲು ಹಿರಿಯರೊಬ್ಬರು ಹೋಗಿ ನೋಡಿ ಬರಬೇಕು. ಒಳಗಿನಿಂದ ಮಗುವೇ ಬಾಗಿಲು ತೆರೆಯಲು ಆಗುತ್ತದೋ? ಕರೆಂಟಿನ ಲಾಕ್ ಇದ್ದರೆ, ಮೇನ್ ಆಫ್ ಮಾಡಿ ತೋರಿಸಿ ಎನ್ನಿ. ಕರೆಂಟ್ ಹೋದ ಕೂಡಲೇ ಅದು ತನ್ನಷ್ಟಕ್ಕೆ ಬಿಚ್ಚಿಕೊಳ್ಳಬೇಕು. ನಮ್ಮ ಕಡೆ ಕರೆಂಟ್ ಹೇಳಿ ಕೇಳಿ ಹೋಗುವುದಿಲ್ಲವಲ್ಲ! ಎರಡನೇ ದಾರಿ ಎಲ್ಲಿ? ಎನ್‌ಒಸಿ ತೋರಿಸುತ್ತಾರಾ? ಕ್ಯಾಮೆರಾದಲ್ಲಿ ನೋಡುತ್ತಾ ಕೂರುವ ಹುಡುಗ ಚಹಾಕ್ಕೆ ಎದ್ದು ಹೋದರೆ ಅವನ ಜಾಗದಲ್ಲಿ ಯಾರು? ಸಣ್ಣ ಮಕ್ಕಳಾದರೆ ಉಪ್ಪನೋ ಉಮ್ಮನೋ ಜೊತೆಗೆ ಒಳಗೇ ಇರಲಿ.

ಇನ್ನು ದೆವ್ವ, ರಕ್ತ, ಕಿರುಚಾಟದ ಕೋಣೆಗಳು. ಪ್ರಯಾಣದಲ್ಲಿ ಮಲಗಿದ್ದ ಸಂಗಾತಿಯ ವಸ್ತುವನ್ನು ಕೆಲವರು ತಮಾಷೆಗೆ ಎತ್ತಿಕೊಂಡಾಗ ಅವರು ಬೆಚ್ಚಿಬಿದ್ದರು. ಮುಸ್ಲಿಮನನ್ನು ಹೆದರಿಸುವುದು ಸಲ್ಲದು ಎಂದು ಪ್ರವಾದಿ(ಸ)ರು ತಿಳಿಸಿದ್ದು ಅಬೂದಾವೂದ್‌ನಲ್ಲಿದೆ. ದೊಡ್ಡವರಿಗೇ ಹೀಗೆಂದರೆ, ಎಂಟು ವರ್ಷದ ಮಗುವನ್ನು ದುಡ್ಡು ಕೊಟ್ಟು ಹೆದರಿಸುವುದು ಯಾವ ನ್ಯಾಯ? ನಿಧಿ ಹುಡುಕುವ, ಲೆಕ್ಕ ಬಿಡಿಸುವ ಕೋಣೆಗಳೂ ಇರುತ್ತವೆ, ಅದನ್ನೇ ಆರಿಸಿ. ಮಗು ಅತ್ತರೆ ‘ಹೆದರುಪುಕ್ಕಲ’ ಎಂದು ನಗಬೇಡಿ, ಹೊರಗೆ ಕರ್ಕೊಂಡು ಬನ್ನಿ.

ಇಷ್ಟೆಲ್ಲ ಕೇಳಲು ನಮಗೆ ಸಂಕೋಚ. ಹೋಟೆಲಿನಲ್ಲಿ ಕೋಳಿ ಹಲಾಲ್ ಹೌದಾ ಎಂದು ಎರಡೆರಡು ಸಲ ಕೇಳುವಾಗ ಈ ಸಂಕೋಚ ಎಲ್ಲಿರುತ್ತದೆ? ತಟ್ಟೆಗೆ ಬೀಳುವುದನ್ನು ವಿಚಾರಿಸುವ ನಾವು, ಅಲ್ಲಾಹು ಅಮಾನತ್ತಾಗಿ ಕೊಟ್ಟ ಮಕ್ಕಳನ್ನು ಒಳಗೆ ಬಿಡುವ ಬಾಗಿಲನ್ನೂ ವಿಚಾರಿಸಬೇಕು. ಮಾಲಕರು ಸಿಟ್ಟಾದರೆ, ಕೊಟ್ಟ ಅಡ್ವಾನ್ಸ್ ಹೋದರೂ ಪರವಾಗಿಲ್ಲ, ವಾಪಸ್ ಬನ್ನಿ. ನಾಲ್ಕು ಚೀಟಿ ಬರೆದು ಮನೆಯೊಳಗೇ ಬಚ್ಚಿಟ್ಟರೂ ಮಕ್ಕಳು ಸಂಜೆವರೆಗೆ ಹುಡುಕುತ್ತಾರೆ.