ಕಲ್ಪಿತ ಜಗತ್ತು ಮತ್ತು ಅಧ್ಯಾಪಕನ ಹೊಣೆ

ವಿದ್ಯಾಸಂಸ್ಥೆಗಳಿಗೆ ಉದಾರಿಗಳಿಂದ ಸಲ್ಲುವ ಕೊಡುಗೆಗಳ ಸ್ವರೂಪವು ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಹಿಂದೆ ಕೊಠಡಿಗೂ ಗ್ರಂಥಭಂಡಾರಕ್ಕೂ ದೊರೆಯುತ್ತಿದ್ದ ನೆರವು ಇಂದು ಕಂಪ್ಯೂಟರ್ ಕೋಣೆಯನ್ನೂ ದಾಟಿ, ಕಣ್ಣಿಗೆ ಕಟ್ಟಿಕೊಂಡು ನೋಡುವ ವರ್ಚುವಲ್ ರಿಯಾಲಿಟಿ ಸಾಧನದವರೆಗೆ ಬಂದಿದೆ. ಕಂಪ್ಯೂಟರ್ ನಿರ್ಮಿಸಿದ ಕಲ್ಪಿತ ಜಗತ್ತಿನೊಳಗೆ ವಿದ್ಯಾರ್ಥಿಯು ಒಂದು ರೂಪವನ್ನು ಧರಿಸಿ ಸಂಚರಿಸುವುದು, ಇತರರೊಡನೆ ಮಾತನಾಡುವುದು, ಪ್ರಯೋಗ ನಡೆಸುವುದು ಈಗ ಸೋಜಿಗದ ಸಂಗತಿಯಾಗಿ ಉಳಿದಿಲ್ಲ. ಆದುದರಿಂದ ಇದು ಬೇಕೇ ಬೇಡವೇ ಎಂಬ ವಾದಕ್ಕಿಂತ, ಇದರಲ್ಲಿ ಕಲಿಸುವ ಕ್ರಮ ಹೇಗಿರಬೇಕೆಂಬ ವಿಚಾರವೇ ಹೆಚ್ಚು ಅಗತ್ಯವಾದುದು.

ಕೃತಕ ಸನ್ನಿವೇಶದಲ್ಲಿ ಕಲಿಸುವ ವಿಧಾನ ತೀರ ಹೊಸದೇನೂ ಅಲ್ಲ. ಅಮೆರಿಕದ ಎಡ್ವಿನ್ ಲಿಂಕ್ ಎಂಬಾತನು ತನ್ನ ತಂದೆಯ ಆರ್ಗನ್ ವಾದ್ಯದ ಕಾರ್ಖಾನೆಯಲ್ಲಿ ದೊರೆತ ಗಾಳಿತಿದಿಗಳ ಅನುಭವದಿಂದ 1929ರ ಹೊತ್ತಿಗೆ ನೆಲದ ಮೇಲೆಯೇ ವಿಮಾನದಂತೆ ವಾಲಿ ತಿರುಗುವ ಯಂತ್ರವೊಂದನ್ನು ರೂಪಿಸಿದನು. 1934ರಲ್ಲಿ ಅಂಚೆ ಸಾಗಿಸುವ ಹೊಣೆ ಹೊತ್ತ ಅಲ್ಲಿಯ ಸೇನೆಯ ಹಲವು ವೈಮಾನಿಕರು ಪ್ರತಿಕೂಲ ಹವೆಯಲ್ಲಿ ಮಡಿದ ಬಳಿಕ, ಸೇನೆ ಅಂತಹ ಆರು ಯಂತ್ರಗಳನ್ನು ಕೊಂಡಿತು. ಮುಂದೆ ಬಳಕೆಗೆ ಬಂದ ಯಂತ್ರಗಳ ಪಕ್ಕದಲ್ಲಿ ಬೋಧಕನಿಗೊಂದು ಮೇಜು ಇರುತ್ತಿತ್ತು. ಶಿಷ್ಯನು 'ಹಾರಿದ' ದಾರಿಯನ್ನು ಉಪಕರಣವೊಂದು ನಕಾಶೆಯ ಮೇಲೆ ಮಸಿಯ ಗೆರೆಯಾಗಿ ಬರೆಯುತ್ತಿತ್ತು. ಎಲ್ಲಿ ದಾರಿ ತಪ್ಪಿತೆಂಬುದನ್ನು ಆ ಗೆರೆಯೇ ತೋರಿಸುತ್ತಿತ್ತು. ಬೋಧಕನ ಮೇಜನ್ನೂ ಆ ಗೆರೆಯನ್ನೂ ತೆಗೆದುಹಾಕಿದರೆ ಅಲ್ಲಿ ಉಳಿಯುವುದು ಜಾತ್ರೆಯ ತೊಟ್ಟಿಲು ಮಾತ್ರ.

ಇದೇ ತತ್ತ್ವವನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಕ್ರಿಸ್ ಡೀಡ್ ಅವರೂ ಅವರ ಸಂಗಡಿಗರೂ ರೂಪಿಸಿದ 'ರಿವರ್ ಸಿಟಿ' ಎಂಬ ಕಲ್ಪಿತ ಪಟ್ಟಣದಲ್ಲಿಯೂ ಕಾಣಬಹುದು. ಹತ್ತೊಂಬತ್ತನೆಯ ಶತಮಾನದ ಆ ಅಮೆರಿಕನ್ ಪಟ್ಟಣದ ನಿವಾಸಿಗಳು ಕಾಯಿಲೆ ಬೀಳುತ್ತಿರುತ್ತಾರೆ. ಮಾಧ್ಯಮಿಕ ಶಾಲೆಯ ಮಕ್ಕಳು ತಂಡತಂಡವಾಗಿ ಅಲ್ಲಿಗೆ ಹೋಗಿ ಜನರನ್ನು ವಿಚಾರಿಸುತ್ತಾರೆ, ನೀರನ್ನು ಪರೀಕ್ಷಿಸುತ್ತಾರೆ. ರೋಗ ನೀರಿನಿಂದಲೋ ಕೀಟದಿಂದಲೋ ಸಂಪರ್ಕದಿಂದಲೋ ಎಂದು ಊಹಿಸಿ, ಆ ಊಹೆಯನ್ನು ಪ್ರಯೋಗಕ್ಕೆ ಒಡ್ಡುತ್ತಾರೆ. ಕೊನೆಗೆ ಪಟ್ಟಣದ ಮೇಯರನಿಗೆ ಪತ್ರ ಬರೆದು ತಮ್ಮ ನಿರ್ಣಯವನ್ನು ಸಮರ್ಥಿಸಬೇಕು. ಇಲ್ಲಿ ಬೆಲೆಯುಳ್ಳದ್ದು ಪಟ್ಟಣದ ಚಿತ್ರವಲ್ಲ, ಪ್ರಶ್ನೆ ಮತ್ತು ಪತ್ರ. ಬರೆಯಲು ಕುಳಿತಾಗಲೇ ವಿದ್ಯಾರ್ಥಿಗೆ ತಾನು ಕಂಡದ್ದೆಷ್ಟು, ತಿಳಿದದ್ದೆಷ್ಟು ಎಂಬ ಅಂತರ ಮನದಟ್ಟಾಗುವುದು.

ಇಂದಿನ ಮಕ್ಕಳು ಇಂತಹ ಸಾಧನಗಳಲ್ಲಿ ಗುರುಗಳಿಗಿಂತ ಚುರುಕಾಗಿರುವುದರಿಂದ ಅವರನ್ನು ಅವರ ಪಾಡಿಗೆ ಬಿಟ್ಟರೆ ಸಾಕು ಎಂಬ ವಾದವುಂಟು. ಚುರುಕುತನ ನಿಜ, ಆದರೆ ಬೇಗ ನಡೆಯಬಲ್ಲವನಿಗೆ ಹೋಗಬೇಕಾದ ಊರು ತಿಳಿದಿರುತ್ತದೆಂದು ಹೇಳಲಾಗದು. ಮೇಲಾಗಿ ಮುಖ ಮರೆಯಾದಲ್ಲಿ ಮಾತು ಸಡಿಲವಾಗುವುದು ಸಹಜ. ತರಗತಿಯಲ್ಲಿ ಸಲ್ಲದ ನಡತೆ ಅಲ್ಲಿಯೂ ಸಲ್ಲದೆಂಬ ನಿಯಮವನ್ನು ಒಳಹೋಗುವ ಮುನ್ನವೇ ತಿಳಿಯಪಡಿಸತಕ್ಕದ್ದು. ಕೆಲವರಿಗೆ ಆ ಸಾಧನ ಧರಿಸಿದೊಡನೆ ತಲೆ ಸುತ್ತುವುದುಂಟು. ಅಂಥವರು ಸಂಕೋಚವಿಲ್ಲದೆ ಹೊರಬಂದು ಅದೇ ಪಾಠವನ್ನು ಬೇರೆ ದಾರಿಯಿಂದ ಕಲಿಯುವ ಏರ್ಪಾಡಿರಬೇಕು.

ಇನ್ನೊಂದು ಎಚ್ಚರವೂ ಅವಶ್ಯ. 2003ರಲ್ಲಿ ಆರಂಭವಾದ 'ಸೆಕೆಂಡ್ ಲೈಫ್' ಎಂಬ ಕಲ್ಪಿತ ಜಗತ್ತಿನಲ್ಲಿ ಅನೇಕ ವಿಶ್ವವಿದ್ಯಾಲಯಗಳು ಬಾಡಿಗೆ ತೆತ್ತು ನೆಲ ಪಡೆದು ಕಟ್ಟಡಗಳನ್ನು ಕಟ್ಟಿದವು. ಅದರ ಒಡೆತನದ ಸಂಸ್ಥೆಯು ಶಿಕ್ಷಣಸಂಸ್ಥೆಗಳಿಗಿದ್ದ ದರದ ರಿಯಾಯಿತಿಯನ್ನು 2011ರ ಆರಂಭದಿಂದ ನಿಲ್ಲಿಸುವುದಾಗಿ 2010ರಲ್ಲಿ ಸಾರಿದಾಗ ಹಲವರು ಅಲ್ಲಿಂದ ಹೊರಡಬೇಕಾಯಿತು. 2013ರಲ್ಲಿ ರಿಯಾಯಿತಿ ಮರಳಿ ಬಂದಿತಾದರೂ ಪಾಠ ಸ್ಪಷ್ಟವಾಗಿದೆ: ಪರರ ನೆಲದಲ್ಲಿ ಕಟ್ಟಿದ ಶಾಲೆಯ ಬೀಗದ ಕೈ ಪರರಲ್ಲಿಯೇ ಇರುತ್ತದೆ. ಮಕ್ಕಳ ಬರಹ, ಅಧ್ಯಾಪಕರ ಪಾಠಯೋಜನೆಗಳ ಪ್ರತಿ ಶಾಲೆಯಲ್ಲಿಯೂ ಇರಲೇಬೇಕು.

ನಮ್ಮ ದೇಶದಲ್ಲಿ 2009ರಲ್ಲಿ ಆರಂಭವಾದ ರಾಷ್ಟ್ರೀಯ ಶಿಕ್ಷಣ ಯೋಜನೆಯೊಂದರ ಆಶ್ರಯದಲ್ಲಿ, ದೆಹಲಿಯ ಐಐಟಿಯ ಮುಂದಾಳ್ತನದಲ್ಲಿ ರೂಪುಗೊಂಡ 'ವರ್ಚುವಲ್ ಲ್ಯಾಬ್ಸ್' ಪ್ರಯೋಗಾಲಯಗಳಿವೆ. ಸುರತ್ಕಲ್ಲಿನ ಎನ್‌ಐಟಿಕೆಯೂ ಅದರಲ್ಲಿ ಭಾಗಿಯಾಗಿದೆ. ಉಪಕರಣದ ಕೊರತೆಯಿರುವ ಕಾಲೇಜುಗಳಿಗೆ ಇದು ದೊಡ್ಡ ಆಸರೆ. ಆದರೂ ಕೈಯಿಂದ ಮಾಡಬಹುದಾದುದನ್ನು ಕೈಯಿಂದಲೇ ಮಾಡಿಸುವುದು ಲೇಸು. ಆಮ್ಲದ ಹನಿಗೆ ದ್ರಾವಣದ ಬಣ್ಣ ಬದಲಾಗುವುದನ್ನು ಮೇಜಿನ ಮೇಲೆ ತೋರಿಸಲು ಸಾಧ್ಯವಿರುವಾಗ ಪರದೆಯ ಮೊರೆ ಹೋಗಬೇಕಾಗಿಲ್ಲ. ಅಪಾಯಕರವಾದುದು, ಅತಿ ದೂರದ್ದು, ಅತಿ ಸೂಕ್ಷ್ಮವಾದುದು, ವರ್ಷಗಟ್ಟಲೆ ಹಿಡಿಯುವಂಥದು—ಇವೇ ಕಲ್ಪಿತ ಜಗತ್ತಿನ ಸರಿಯಾದ ಕ್ಷೇತ್ರ.

ಒಳಹೋಗುವ ಮೊದಲು ಒಂದು ಸ್ಪಷ್ಟ ಪ್ರಶ್ನೆ, ಒಳಗಿರುವಾಗ ಅಧ್ಯಾಪಕನ ಕಣ್ಣು, ಹೊರಬಂದ ಮೇಲೆ ಮಾತು ಮತ್ತು ಬರಹ: ಈ ಮೂರೂ ಕೂಡಿದಲ್ಲಿ ಮಾತ್ರ ಅಲ್ಲಿಯ ವಿಹಾರವು ವಿದ್ಯೆಯಾಗುವುದು. ಇವಕ್ಕೆ ಅಧ್ಯಾಪಕನ ಸಮಯ ಬೇಕು, ಅವನಿಗೂ ಅಭ್ಯಾಸ ಬೇಕು. ಆದುದರಿಂದ ಸಾಧನವನ್ನು ದಾನಮಾಡುವ ಮಹನೀಯರು ಅದರ ಬೆಲೆಯ ಒಂದು ಪಾಲನ್ನು ಅಧ್ಯಾಪಕರ ತರಬೇತಿಗಾಗಿಯೂ ಮೀಸಲಿರಿಸಿದರೆ ಅವರ ದಾನವು ಪೂರ್ಣವಾದೀತು. ಯಂತ್ರ ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ. ಚೆನ್ನಾಗಿ ಪ್ರಶ್ನಿಸಲು ಕಲಿತ ಅಧ್ಯಾಪಕನು ಮುಂದಿನ ಯಂತ್ರಕ್ಕೂ ಒದಗುತ್ತಾನೆ.