ನಿದ್ರೆಗೆ ಮಾತ್ರೆಯೊಂದೇ ದಾರಿಯೇ?



ಊರಿನಿಂದ ಬರುವ ತಂದೆತಾಯಿಯರ ಚೀಲದಲ್ಲಿ ಚಟ್ನಿಪುಡಿ, ಹಪ್ಪಳಗಳ ಜೊತೆಗೆ ನಿದ್ರೆಯ ಮಾತ್ರೆಗಳೂ ಇರುವುದು ಅಪರೂಪವೇನಲ್ಲ. ಹಗಲೆಲ್ಲ ಮನೆಯಲ್ಲಿ ಒಬ್ಬರೇ ಕುಳಿತು, ಮಧ್ಯಾಹ್ನ ಮಲಗಿ, ಸಂಜೆ ಕಾಫಿ ಕುಡಿದು, ಒಂಬತ್ತಕ್ಕೇ ಹಾಸಿಗೆ ಸೇರುವ ಹಿರಿಯರಿಗೆ ನಿದ್ರೆ ಬಾರದಿರುವುದು ಸಹಜ. ಅದಕ್ಕೆ ಮೊದಲ ಪರಿಹಾರ ಮಾತ್ರೆಯೇ ಆಗಬೇಕೆ? ಆಗಬಾರದೆಂಬುದು ನಮ್ಮ ಅಭಿಪ್ರಾಯ.

ಈ ಮಾತಿಗೆ ಆಧಾರ ನಮ್ಮ ನೆರೆಯಲ್ಲಿಯೇ ಇದೆ. ಸ್ಯಾನ್ ಡಿಯೇಗೋದ ಸ್ಕ್ರಿಪ್ಸ್ ಕ್ಲಿನಿಕ್‌ನ ಡಾ. ಡೇನಿಯಲ್ ಕ್ರಿಪ್ಕೆ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನವು, ನಿದ್ರಾಮಾತ್ರೆ ಸೇವಿಸುವವರಲ್ಲಿ ಸಾವಿನ ಪ್ರಮಾಣ ಹೆಚ್ಚಿರುವುದನ್ನು ತೋರಿಸಿತು. ಮಾತ್ರೆಯೇ ಸಾವಿಗೆ ಕಾರಣವೆಂದು ಇದರಿಂದ ಸಿದ್ಧವಾಗದು. ಆದರೂ ಎಚ್ಚರಕ್ಕೆ ಇಷ್ಟು ಸಾಕು. ಲಾಸ್ ಏಂಜಲೀಸ್‌ನ ಯುಸಿಎಲ್‌ಎಯಲ್ಲಿ ಡಾ. ಮೈಕೆಲ್ ಇರ್ವಿನ್ ತಂಡವು ನಿದ್ರಾಹೀನತೆಯಿದ್ದ, 60 ದಾಟಿದ 291 ಮಂದಿಯನ್ನು ಮೂರು ವರ್ಷ ಗಮನಿಸಿತು. ವರ್ತನಾ ಚಿಕಿತ್ಸೆ ಪಡೆದವರಲ್ಲಿ ಶೇ. 12.2 ಮಂದಿಗೆ ಖಿನ್ನತೆ ಬಂದರೆ, ನಿದ್ರೆಯ ಬಗ್ಗೆ ಕೇವಲ ತಿಳಿವಳಿಕೆ ಪಡೆದವರಲ್ಲಿ ಅದು ಶೇ. 25.9. ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಜಿಷಿಯನ್ಸ್ ಕೂಡ 2016ರಿಂದ ದೀರ್ಘಕಾಲದ ನಿದ್ರಾಹೀನತೆಗೆ ಈ ಚಿಕಿತ್ಸೆಯನ್ನೇ ಮೊದಲು ಸೂಚಿಸುತ್ತಿದೆ.

ಇದರಲ್ಲಿ ಗುಟ್ಟೇನೂ ಇಲ್ಲ. ಹಾಸಿಗೆ ನಿದ್ರೆಗೆ ಮಾತ್ರ. ನಿದ್ರೆ ಬಾರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಬೇಕು. ದಿನವೂ ಒಂದೇ ಹೊತ್ತಿಗೆ ಏಳಬೇಕು. ಹಾಸಿಗೆಯಲ್ಲಿ ಕಳೆಯುವ ಸಮಯವನ್ನು ಮೊದಲು ಕಡಿತಗೊಳಿಸಿ, ಬಳಿಕ ಮೆಲ್ಲನೆ ಹೆಚ್ಚಿಸಬೇಕು. ಮೊದಲ ವಾರಗಳು ಕಷ್ಟವೇ. ಆದರೆ ಕಲಿತದ್ದು ಮಾತ್ರೆ ಮುಗಿದಂತೆ ಮುಗಿದುಹೋಗುವುದಿಲ್ಲ. ಈಗಾಗಲೇ ಮಾತ್ರೆ ನುಂಗುತ್ತಿರುವವರು ಅದನ್ನು ಥಟ್ಟನೆ ನಿಲ್ಲಿಸದೆ ವೈದ್ಯರ ಸಲಹೆಯಂತೆ ನಡೆಯಬೇಕು.

ಇನ್ನು ಸಮ್ಮೋಹನದ ಮಾತು. ಹೆಸರು ಕೇಳಿದೊಡನೆ ನಮ್ಮಲ್ಲಿ ಕೆಲವರಿಗೆ ವಶೀಕರಣವೂ ಜಾದೂಗಾರನ ರಂಗವೂ ನೆನಪಾಗುತ್ತವೆ. ಆದರೆ ಅರಿವಳಿಕೆಯ ಔಷಧ ಬರುವ ಮುನ್ನ, 1845ರಲ್ಲಿ, ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ಶಸ್ತ್ರವೈದ್ಯ ಇದರ ಪೂರ್ವರೂಪವನ್ನು ಬಳಸಿಯೇ ಶಸ್ತ್ರಕ್ರಿಯೆಗಳನ್ನು ಆರಂಭಿಸಿದ್ದರು. 1984ರಲ್ಲಿ ಮ್ಯಾಂಚೆಸ್ಟರ್‌ನ ಪೀಟರ್ ವೋರ್ವೆಲ್, ಔಷಧಕ್ಕೆ ಬಗ್ಗದ ಕರುಳಿನ ಕಿರಿಕಿರಿಗೆ ಸಮ್ಮೋಹನ ಫಲಕಾರಿಯೆಂದು ತೋರಿಸಿದರು. ನೋವು, ಆತಂಕಗಳಲ್ಲಿಯೂ ಅದು ನೆರವಾಗಬಲ್ಲದು. ಆದರೆ ಅದು ಚಿಕಿತ್ಸೆಗೆ ಪೂರಕವೇ ಹೊರತು ಸರ್ವರೋಗಕ್ಕೂ ಮದ್ದಲ್ಲ. ಮಧುಮೇಹವನ್ನೋ ಕ್ಯಾನ್ಸರನ್ನೋ ಗುಣಪಡಿಸುವೆನೆನ್ನುವವರಿಂದ ದೂರವಿರುವುದೇ ಲೇಸು.

ಕ್ಯಾಲಿಫೋರ್ನಿಯಾದಲ್ಲಿ ಸಮ್ಮೋಹನಕಾರರಿಗೆಂದು ಪ್ರತ್ಯೇಕ ಸರ್ಕಾರಿ ಪರವಾನಗಿ ಇಲ್ಲವೆಂಬುದನ್ನು ಬಹುಮಂದಿ ಅರಿಯರು. ಪರವಾನಗಿಯಿಲ್ಲದವರು ಸ್ವಸುಧಾರಣೆಗಾಗಿ ಈ ವಿದ್ಯೆಯನ್ನು ಬಳಸಬಹುದು. ಮಾನಸಿಕ ವ್ಯಾಧಿಗೆ ತಾವಾಗಿಯೇ ಚಿಕಿತ್ಸೆ ನೀಡುವಂತಿಲ್ಲ. ಆದ್ದರಿಂದ ಗೋಡೆಯ ಮೇಲಿನ ಪ್ರಮಾಣಪತ್ರ ನೋಡಿ ಮರುಳಾಗದೆ, ಅವರು ಪರವಾನಗಿ ಪಡೆದ ವೈದ್ಯರೋ ಮನಶ್ಶಾಸ್ತ್ರಜ್ಞರೋ ಎಂದು ರಾಜ್ಯದ ಪಟ್ಟಿಯಲ್ಲಿ ಪರಿಶೀಲಿಸಬೇಕು.

ಮನಸ್ಸಿನ ವೈದ್ಯರ ಬಳಿ ಹೋದರೆ ಜನ ಏನೆಂದಾರು ಎಂಬ ಅಳುಕನ್ನು ನಾವು ಸಮುದ್ರ ದಾಟುವಾಗಲೂ ಹೊತ್ತುತಂದಿದ್ದೇವೆ. ನಿಮ್ಹಾನ್ಸ್‌ನ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ದಶಕಗಳಿಂದ ತಿಳಿಗನ್ನಡದಲ್ಲಿ ಬರೆದು ಕಳೆಯಲೆತ್ನಿಸಿದ್ದು ಈ ಅಳುಕನ್ನೇ. ಹಿರಿಯರು ತಮ್ಮ ಸಂಕಟವನ್ನು ತಾಯ್ನುಡಿಯಲ್ಲಿ ಹೇಳಿಕೊಂಡಷ್ಟು ಬಿಚ್ಚಿ ಬೇರೆ ಭಾಷೆಯಲ್ಲಿ ಹೇಳಲಾರರು. ಹೀಗಾಗಿ ಎರಡೂ ನಗರಗಳ ಸಂಘಗಳು ಯುಗಾದಿ, ರಾಜ್ಯೋತ್ಸವಗಳ ಜೊತೆಗೆ ಇನ್ನೊಂದು ಕೆಲಸವನ್ನೂ ಕೈಗೊಳ್ಳಲಿ: ಕನ್ನಡ ಬಲ್ಲ, ಪರವಾನಗಿ ಪಡೆದ ಚಿಕಿತ್ಸಕರ ಪಟ್ಟಿಯೊಂದನ್ನು ಸದಸ್ಯರ ಕೈಗಿಡಲಿ. ಅಲ್ಲಿಯವರೆಗೆ, ಈ ವಾರಾಂತ್ಯ ಹಿರಿಯರೊಡನೆ ಕುಳಿತು, ನಿದ್ರೆ ಹೇಗಿದೆಯೆಂದು ಒಮ್ಮೆ ಕೇಳೋಣ.